ಅಬ್ಬಾ ಅವರ ಧ್ವನಿಗೆ ಎಷ್ಟು ವಾಟ್ ಬೇಕು?

ಹೊಲದ ಮಾತು ಬಂದರೆ ಎಷ್ಟು ಎಕರೆ ಎಂದೂ, ಬೋರ್‌ವೆಲ್‌ನ ಮಾತು ಬಂದರೆ ಎಷ್ಟು ಅಡಿ ಎಂದೂ ಕೇಳುವುದು ನಮ್ಮ ಕಡೆಯ ರೂಢಿ. ಹಾಗೆಯೇ ಮನೆಗೆ ಬಂದವರು ಗೋಡೆಯ ಪಕ್ಕದ ಎರಡು ಮರದ ಪೆಟ್ಟಿಗೆಗಳನ್ನು ನೋಡಿ ಕೇಳುವ ಮೊದಲ ಪ್ರಶ್ನೆ, 'ಇದು ಎಷ್ಟು ವಾಟ್?' ಬಹಳ ವರ್ಷಗಳ ಕಾಲ ನಾವೂ ಆ ಪ್ರಶ್ನೆಯನ್ನೇ ಕೇಳುತ್ತಿದ್ದೆವು. ಅದು ತಪ್ಪು ಪ್ರಶ್ನೆಯೆಂದು ತಿಳಿಯುವ ಹೊತ್ತಿಗೆ ನಮ್ಮ ಅಮ್ಮಿ ತನ್ನ ಕಿವಿಯೇ ಹೋಯಿತೆಂದು ನಂಬಿ ಕುಳಿತಿದ್ದರು.

ಗೌನಿಪಲ್ಲಿಯಲ್ಲಿ ಮನೆಯೊಳಗೆ ನಮ್ಮದು ದಖ್ಖನಿ ಉರ್ದು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅಬ್ಬಾ ಮಾವಿನ ತೋಟಗಳನ್ನು ಗುತ್ತಿಗೆಗೆ ಹಿಡಿಯುತ್ತಿದ್ದರು. ಶ್ರೀನಿವಾಸಪುರದ ಸೀಮೆಯಲ್ಲಿ ಮಾವು ಕೈಹಿಡಿದ ವರ್ಷ ಮನೆಗೆ ಏನಾದರೂ ಹೊಸದು ಬರುತ್ತಿತ್ತು. ಅಂಥ ಒಂದು ವರ್ಷ, 1986ರಲ್ಲಿ, ಅವರು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಒಂದು ಜೊತೆ ಸ್ಪೀಕರುಗಳನ್ನೂ ಅದಕ್ಕೆ ಕೈಯಲ್ಲೇ ಜೋಡಿಸಿದ ಆಂಪ್ಲಿಫೈಯರನ್ನೂ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. ಪ್ರತಿ ಪೆಟ್ಟಿಗೆಯಲ್ಲಿ ಎಂಟು ಅಂಗುಲದ ಒಂದು ವೂಫರ್, ಅದರ ಮೇಲೆ ಅಂಗೈಗಿಂತ ಚಿಕ್ಕದಾದ ಒಂದು ಟ್ವೀಟರ್. ಆಂಪ್ಲಿಫೈಯರ್ ಒಳಗೆ ಆ ಕಾಲದ ಮೆಕ್ಯಾನಿಕ್‌ಗಳೆಲ್ಲ ಬಲ್ಲ 2ಎನ್3055 ಟ್ರಾನ್ಸಿಸ್ಟರುಗಳು.

ಅಬ್ಬಾ ಕೇಳುತ್ತಿದ್ದುದು ಆಕಾಶವಾಣಿಯ ಉರ್ದು ಸರ್ವಿಸ್, ರಫಿ ಸಾಹೇಬರು, ಪಿ.ಬಿ. ಶ್ರೀನಿವಾಸ್, ನಾತ್‌ಗಳು. ಎಲ್ಲಕ್ಕಿಂತ ಹೆಚ್ಚಾಗಿ 1977ರ 'ಸನಾದಿ ಅಪ್ಪಣ್ಣ' ಚಿತ್ರಕ್ಕಾಗಿ ಉಸ್ತಾದ್ ಬಿಸ್ಮಿಲ್ಲಾ ಖಾನರು ನುಡಿಸಿದ ಶಹನಾಯಿ. ಡಾ. ರಾಜ್‌ಕುಮಾರ್ ಅವರ ಅಭಿನಯ, ಬಿಸ್ಮಿಲ್ಲಾ ಖಾನರ ಉಸಿರು. 'ಅವರ ಬೆರಳು, ಇವರ ಗಾಳಿ. ಎಲ್ಲಾದರೂ ಬಿರುಕು ಕಾಣುತ್ತದೆಯೇ ನೋಡಿ' ಎನ್ನುತ್ತಿದ್ದರು ಅಬ್ಬಾ. ಸಂಗೀತದ ಬಗ್ಗೆ ಮನೆತನದ ಹಿರಿಯರಲ್ಲಿ ಭಿನ್ನಾಭಿಪ್ರಾಯವಿತ್ತು. ದೊಡ್ಡಪ್ಪ ಬಂದಾಗ ಪೆಟ್ಟಿಗೆಗಳ ಮೇಲೆ ಬಟ್ಟೆ ಬೀಳುತ್ತಿತ್ತು. ಇಬ್ಬರೂ ಒಬ್ಬರ ಮೇಲೊಬ್ಬರು ಕೋಪಿಸಿಕೊಂಡದ್ದನ್ನು ಮಾತ್ರ ನಾವು ನೋಡಲಿಲ್ಲ.

ನಮ್ಮಲ್ಲಿ ದೊಡ್ಡವನು 1991ರಲ್ಲಿ ಸೌದಿಗೆ ಹೋದ. ಫೋನ್ ದುಬಾರಿಯಾಗಿದ್ದ ಕಾಲ. ಗಲ್ಫ್‌ಗೆ ಮಕ್ಕಳನ್ನು ಕಳಿಸಿದ ಎಷ್ಟೋ ಮನೆಗಳಂತೆ ನಮ್ಮಲ್ಲೂ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ, ಊರಿಗೆ ಬಂದು ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಒಂದು ಬದಿ ಅಬ್ಬಾ, ಇನ್ನೊಂದು ಬದಿ ಅಮ್ಮಿ ಮತ್ತು ಉಳಿದ ನಾವೆಲ್ಲ. ಅಂಥ ಒಂದೇ ಒಂದು ಕ್ಯಾಸೆಟ್ ಅವನ ಸೂಟ್‌ಕೇಸಿನಲ್ಲಿ ಉಳಿದು ಮರಳಿ ಊರಿಗೆ ಬಂತು. 2009ರಲ್ಲಿ ಅಬ್ಬಾ ತೀರಿಕೊಂಡ ಮೇಲೆ ಅವರ ಧ್ವನಿ ಅಂತ ಇದ್ದುದು ಅದೊಂದೇ.

2016ರ ಬೇಸಿಗೆಯಲ್ಲಿ ಹಳೆಯ ಆಂಪ್ಲಿಫೈಯರ್ ಒಂದು ರಾತ್ರಿ ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ಮನೆಯಲ್ಲಿ ಅಮ್ಮಿ ಶುಕ್ರವಾರಗಳಂದು ಆ ಕ್ಯಾಸೆಟ್ ಕೇಳುವ ರೂಢಿ. ಅದು ತಪ್ಪಬಾರದೆಂದು ನಾವು ಆತುರದಿಂದ ಪೇಟೆಗೆ ಹೋಗಿ ಹೊಳೆಯುವ ಒಂದು ಪೆಟ್ಟಿಗೆ ತಂದೆವು. ಅದರ ಮುಖದ ಮೇಲೆ '5000 ವಾಟ್ ಪಿಎಂಪಿಒ' ಎಂದು ಬಂಗಾರದ ಅಕ್ಷರಗಳಲ್ಲಿ ಬರೆದಿತ್ತು. ಹಳೆಯದನ್ನು ಎತ್ತಲು ಇಬ್ಬರು ಬೇಕಿತ್ತು. ಇದನ್ನು ನಮ್ಮ ತಂಗಿ ಒಂದೇ ಕೈಯಲ್ಲಿ ಎತ್ತಿಕೊಂಡು ಬಂದಳು. ಅಲ್ಲೇ ನಮಗೆ ಅನುಮಾನ ಬರಬೇಕಿತ್ತು.

ಅಮ್ಮಿಗೆ ವಯಸ್ಸಾಗಿತ್ತು. 'ಸ್ವಲ್ಪ ಜೋರು ಮಾಡಿ' ಎಂದರು. ನಾವು ಜೋರು ಮಾಡಿದೆವು. 'ಇನ್ನೂ' ಎಂದರು. ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆವು, ಟ್ರೆಬಲ್ಲನ್ನೂ ಪೂರ್ತಿ ಏರಿಸಿದೆವು. ಕೆಲವು ವಾರ ಹೀಗೇ ನಡೆಯಿತು. ಆಮೇಲೆ ಒಂದು ಶುಕ್ರವಾರ ಅಬ್ಬಾ ಅವರ ಧ್ವನಿ ಕಂಬಳಿ ಹೊದ್ದುಕೊಂಡು ಮಾತನಾಡಿದಂತೆ ಕೇಳಿಸಿತು. ಶುರುವಿನ 'ಸಲಾಂ' ಎನ್ನುವುದು 'ಅಲಾಂ' ಎಂದಾಯಿತು. ನಮ್ಮ ಯೋಚನೆ ಕ್ಯಾಸೆಟ್ ಹಾಳಾಯಿತೆಂದು. ಅಮ್ಮಿ ಹಾಗೆ ಹೇಳಲಿಲ್ಲ. 'ನನ್ನ ಕಿವಿಯೇ ಹೋಯಿತು, ಬಿಡಿ' ಎಂದು ಎದ್ದು ಒಳಗೆ ಹೋದರು. ಮುಂದಿನ ಶುಕ್ರವಾರ ಹಾಕಿ ಎಂದು ಕೇಳಲೇ ಇಲ್ಲ.

ಸುಮಾರು ಒಂದು ವರ್ಷ ಆ ಪೆಟ್ಟಿಗೆಗಳು ಸುಮ್ಮನೆ ಕುಳಿತವು. 2017ರಲ್ಲಿ ನಾವು ಒಂದು ಸ್ಪೀಕರನ್ನು ಶ್ರೀನಿವಾಸಪುರದ ಹಳೆಯ ರೇಡಿಯೊ ಮೆಕ್ಯಾನಿಕ್ ಒಬ್ಬರ ಬಳಿಗೆ ಒಯ್ದೆವು. ಅವರು ಹಿಂಬದಿಯ ಹಲಗೆ ಬಿಚ್ಚಿ ಮೀಟರ್ ಇಟ್ಟರು. ವೂಫರ್ ಆರು ಓಮ್ ತೋರಿಸಿತು. ಟ್ವೀಟರಿಗೆ ಇಟ್ಟಾಗ ಮುಳ್ಳು ಅಲ್ಲಾಡಲಿಲ್ಲ.

'ಕಾಯಿಲ್ ಸುಟ್ಟಿದೆಯಪ್ಪಾ. ಯಾವ ಆಂಪ್ಲಿಫೈಯರ್ ಹಾಕಿದ್ರಿ?'

ಐದು ಸಾವಿರ ವಾಟ್ ಎಂದು ನಾಚಿಕೆಯಿಂದ ಹೇಳಿದೆವು. ಅಷ್ಟು ದೊಡ್ಡದನ್ನು ಹಾಕಿದ್ದಕ್ಕೆ ಬೈಯುತ್ತಾರೆಂದು ಕಾದೆವು. ಅವರು ನಕ್ಕರು.

'ದೊಡ್ಡದು ಸುಡಲಿಲ್ಲ. ಚಿಕ್ಕದು ಸುಟ್ಟಿದೆ. ಮನೆಗೆ ಹೋಗಿ ಅದರ ಬೆನ್ನಿನ ಮೇಲೆ ಏನು ಬರೆದಿದೆ ಓದಿ.'

ಬೆನ್ನಿನ ಮೇಲಿನ ಪುಟ್ಟ ಪಟ್ಟಿಯಲ್ಲಿ, ಅದು ಕರೆಂಟಿನಿಂದ ಎಳೆಯುವುದು 45 ವಾಟ್ ಎಂದಿತ್ತು. 45 ತಿನ್ನುವ ಎತ್ತು 5000 ಎಳೆಯುವುದು ಹೇಗೆ? ಪಿಎಂಪಿಒ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ಒಂದು ಕ್ಷಣದ ಲೆಕ್ಕವನ್ನು ತಮಗೆ ಬೇಕಾದಂತೆ ಉಬ್ಬಿಸಿ ಬರೆದ ಅಂಕಿ ಅದು. ಇಂಥ ಉತ್ಪ್ರೇಕ್ಷೆಯ ಹಾವಳಿಗಾಗಿಯೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಮನೆಬಳಕೆಯ ಆಂಪ್ಲಿಫೈಯರುಗಳ ವಾಟ್ ಅನ್ನು ಹೇಗೆ ಅಳೆದು ಜಾಹೀರಾತು ಮಾಡಬೇಕೆಂದು ನಿಯಮ ತಂದಿತ್ತು. ನಂಬಬೇಕಾದದ್ದು ನಿರಂತರವಾಗಿ, ಧ್ವನಿ ಒಡೆಯದೆ ಕೊಡಬಲ್ಲ ವಾಟ್. ಪೇಟೆಯಲ್ಲಿ ಅದನ್ನು ಆರ್‌ಎಂಎಸ್ ಎನ್ನುತ್ತಾರೆ.

ಚಿಕ್ಕ ಆಂಪ್ಲಿಫೈಯರ್ ಹೇಗೆ ಸುಡುತ್ತದೆ ಎಂಬುದನ್ನು ಅವರು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. ಧ್ವನಿ ಅಲೆಯಂತೆ ಏರಿಳಿಯುತ್ತದೆ. ಆಂಪ್ಲಿಫೈಯರ್ ತನ್ನ ಶಕ್ತಿ ಮೀರಿದಾಗ ಅಲೆಯ ತಲೆಯನ್ನು ಕತ್ತರಿಸಿಬಿಡುತ್ತದೆ. ತಲೆ ಚಪ್ಪಟೆಯಾದ ಆ ಅಲೆಯಲ್ಲಿ ಮೂಲದಲ್ಲಿ ಇಲ್ಲದ ಕೀರಲು ಸ್ವರಗಳು ಹುಟ್ಟುತ್ತವೆ. ಅವೆಲ್ಲ ಹೋಗುವುದು ಟ್ವೀಟರಿಗೆ. ಅದರ ಕಾಯಿಲ್ ಕೂದಲಿನಷ್ಟು ತೆಳ್ಳಗಿನ ತಂತಿ, ಕೆಲವೇ ವಾಟ್ ತಾಳುವಂಥದ್ದು. ಮಾತಿನ 'ಸ', 'ಶ', 'ಫ' ಇಂಥ ಅಕ್ಷರಗಳ ಸ್ಪಷ್ಟತೆ ಇರುವುದೂ ಆ ಎತ್ತರದ ಸ್ವರಗಳಲ್ಲೇ. ಟ್ವೀಟರ್ ಸತ್ತರೆ ಧ್ವನಿಯ ಮೈ ಉಳಿಯುತ್ತದೆ, ಅಕ್ಷರ ಹೋಗುತ್ತದೆ.

ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದೂ ಅದೇ ಎತ್ತರದ ಸ್ವರಗಳನ್ನು. ಅಮ್ಮಿಗೆ ಬೇಕಾಗಿದ್ದುದು ಸ್ಪಷ್ಟತೆ. ನಾವು ಕೊಟ್ಟದ್ದು ಗದ್ದಲ. ಆ ಗದ್ದಲದಿಂದ ಸ್ಪಷ್ಟತೆಯ ಮೂಲವನ್ನೇ ಸುಟ್ಟು, ತಪ್ಪನ್ನು ಅವರ ಕಿವಿಯ ಮೇಲೆ ಬಿಟ್ಟಿದ್ದೆವು. ಒಂದು ವರ್ಷ ಅವರು ಆ ಆರೋಪವನ್ನು ಹೊತ್ತುಕೊಂಡು ಮನೆಯಲ್ಲಿ ಓಡಾಡಿದ್ದರು.

ಈ ಸಲ ಕೇಳಿ, ತಿಳಿದು ಆರಿಸೋಣ ಎಂದು ತೀರ್ಮಾನಿಸಿದೆವು. ಮೆಕ್ಯಾನಿಕ್ ಹೇಳಿದ್ದು ಮೂರು ಮಾತು.

ಮೊದಲನೆಯದು ಓಮ್. ಮೀಟರಿನಲ್ಲಿ ಆರು ತೋರಿಸುವ ಸ್ಪೀಕರ್ ಸಾಮಾನ್ಯವಾಗಿ ಎಂಟು ಓಮಿನದು. ಆಂಪ್ಲಿಫೈಯರ್ ಎಂಟು ಓಮಿಗೆ ಒಗ್ಗಬೇಕು. ನಮ್ಮಲ್ಲೊಬ್ಬನಿಗೆ ಇನ್ನೂ ಎರಡು ಪೆಟ್ಟಿಗೆ ಸೇರಿಸುವ ಆಸೆಯಿತ್ತು. ಎಂಟು ಓಮಿನ ಎರಡನ್ನು ಪಕ್ಕಪಕ್ಕ ಜೋಡಿಸಿದರೆ ನಾಲ್ಕು ಓಮ್ ಆಗುತ್ತದೆ, ಆಂಪ್ಲಿಫೈಯರ್ ಎರಡರಷ್ಟು ಕರೆಂಟ್ ಕೊಡಬೇಕಾಗುತ್ತದೆ. ಎಲ್ಲ ಆಂಪ್ಲಿಫೈಯರುಗಳೂ ಅದನ್ನು ತಾಳುವುದಿಲ್ಲ. ಆಸೆಯನ್ನು ಅಲ್ಲಿಗೇ ಬಿಟ್ಟೆವು.

ಎರಡನೆಯದು ಸ್ಪೀಕರಿನ ಸಂವೇದನೆ. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಕೇಳುತ್ತದೆ ಎಂಬ ಅಳತೆ. ಮನೆಯ ಸ್ಪೀಕರುಗಳಲ್ಲಿ 88ರ ಆಸುಪಾಸು ಸಾಮಾನ್ಯ. ಮಾತುಕತೆ 60 ಡೆಸಿಬಲ್‌ನಷ್ಟಿರುತ್ತದೆ. ಅಂದರೆ ಹನ್ನೆರಡು ಅಡಿಯ ನಮ್ಮ ನಡುಮನೆಯಲ್ಲಿ ಹೆಚ್ಚಿನ ಹೊತ್ತು ಒಂದು ವಾಟ್ ಕೂಡ ಖರ್ಚಾಗುವುದಿಲ್ಲ! ಶಹನಾಯಿ ಏರಿದಾಗ, ತಬಲ ಬಿದ್ದಾಗ ಮಾತ್ರ ಒಂದು ಕ್ಷಣ ಅದರ ಹತ್ತಿಪ್ಪತ್ತು ಪಟ್ಟು ಬೇಕು. ವಾಟ್ ಎರಡರಷ್ಟಾದರೆ ಏರುವುದು ಮೂರೇ ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಎನಿಸಬೇಕಾದರೆ ವಾಟ್ ಹತ್ತರಷ್ಟಾಗಬೇಕು. ಇಪ್ಪತ್ತರ ಬದಲು ನಲವತ್ತು ತಂದವನು ದುಡ್ಡಿನಲ್ಲಿ ಬಹಳ ಕೊಟ್ಟು ಕಿವಿಯಲ್ಲಿ ಸ್ವಲ್ಪವೇ ಪಡೆಯುತ್ತಾನೆ.

ಮೂರನೆಯದು ನಮ್ಮ ಊರಿನದೇ ಮಾತು. 'ನಿಮ್ಮಲ್ಲಿ ಸಾಯಂಕಾಲ ವೋಲ್ಟೇಜ್ ಎಷ್ಟಿರುತ್ತೆ?' ಬೇಸಿಗೆಯಲ್ಲಿ ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಒಮ್ಮೆಗೇ ಎದ್ದಾಗ ಬಲ್ಬುಗಳು ಕೆಂಪಾಗುವುದು ನಮಗೆ ಹೊಸದಲ್ಲ. 230 ಇರಬೇಕಾದದ್ದು 172ಕ್ಕೆ ಇಳಿದರೆ ಮುಕ್ಕಾಲು ಪಾಲು ಉಳಿಯಿತು. ಸಾದಾ ಟ್ರಾನ್ಸ್‌ಫಾರ್ಮರಿನ ಆಂಪ್ಲಿಫೈಯರಿನಲ್ಲಿ ಶಕ್ತಿ ಮಾತ್ರ ಮುಕ್ಕಾಲರ ಮುಕ್ಕಾಲಾಗಿ, ಅರ್ಧಕ್ಕಿಂತ ತುಸು ಹೆಚ್ಚಿಗೆ ಇಳಿಯುತ್ತದೆ. ಇಪ್ಪತ್ತು ವಾಟ್ ಹನ್ನೊಂದಾಗುತ್ತದೆ, ಅಲೆಯ ತಲೆ ಕತ್ತರಿಸುವುದು ಅಷ್ಟು ಬೇಗ ಶುರುವಾಗುತ್ತದೆ. ಆದ್ದರಿಂದ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಇರಲಿ, ಆ ಹೆಚ್ಚನ್ನು ಬಳಸದೆ ಇರಲಿ ಎಂದರು. ಬಳಸದೆ ಇಟ್ಟುಕೊಳ್ಳುವ ಶಕ್ತಿಯ ಬಗ್ಗೆ ನಮಗೆ ಹಾಗೆ ಯಾರೂ ಹೇಳಿರಲಿಲ್ಲ.

ಎಸ್.ಪಿ. ರಸ್ತೆಯಲ್ಲಿ ಒಂದು ಇಡೀ ದಿನ ಅಲೆದೆವು. 200 ವಾಟ್‌ನದು, ಹಳೆಯ ಜಪಾನಿ ರಿಸೀವರ್, ಅಂಗೈಯಗಲದ ಕ್ಲಾಸ್-ಡಿ ಬೋರ್ಡ್, ಎಲ್ಲವೂ ಇದ್ದವು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ತಮ್ಮ ದೊಡ್ಡದಕ್ಕೆ ಹಟ ಹಿಡಿದ. ಸೌದಿಯಿಂದ ಬಂದವನು ಬೋರ್ಡ್ ಸಾಕು ಎಂದ. ತಂಗಿ ಇಬ್ಬರನ್ನೂ ಕೇಳಿದಳು, 'ಇದು ನಿಮಗೋ, ಅಮ್ಮಿಗೋ?' ಕೊನೆಗೆ ಎಲ್‌ಎಂ3886 ಐಸಿಗಳೆರಡು ಮತ್ತು ಒಂದು ಭಾರದ ಟ್ರಾನ್ಸ್‌ಫಾರ್ಮರ್ ಕೊಂಡೆವು. ಎಂಟು ಓಮಿಗೆ ಒಂದೊಂದೂ ಸುಮಾರು 38 ವಾಟ್. ವೋಲ್ಟೇಜ್ ಮುಕ್ಕಾಲಿಗೆ ಇಳಿದರೂ ಇಪ್ಪತ್ತೊಂದು ಉಳಿಯುತ್ತದೆ. ವೂಫರಿನ ಸಂವೇದನೆಗೆ ಹೊಂದುವ ಎಂಟು ಓಮಿನ ಹೊಸ ಟ್ವೀಟರುಗಳನ್ನೂ ತಂದೆವು. ಮೆಕ್ಯಾನಿಕ್ ಪೆಟ್ಟಿಗೆಯೊಳಗಿನ ಒಣಗಿದ ಕೆಪ್ಯಾಸಿಟರುಗಳನ್ನು ಬದಲಾಯಿಸಿ ಎಲ್ಲವನ್ನೂ ಜೋಡಿಸಿಕೊಟ್ಟರು. 'ಮದುವೆಗೆ ಜೋಡಿ ನೋಡುವ ಹಾಗೆ ನೋಡಬೇಕು ಸ್ವಾಮಿ. ಒಬ್ಬರು ಕೊಡೋದು ಇನ್ನೊಬ್ಬರು ತಾಳೋ ಅಷ್ಟೇ ಇರಬೇಕು' ಎಂದು ಅವರೇ ಹೇಳಿದ ಮಾತನ್ನು ನಾವು ಅಲಂಕಾರ ಮಾಡದೆ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಶಹನಾಯಿ ಹಾಕಿ ಪರೀಕ್ಷಿಸಿದೆವು. ಆಮೇಲೆ ಅಮ್ಮಿಯನ್ನು ಕರೆದೆವು. 'ನನಗೆ ಕೇಳಿಸುವುದಿಲ್ಲ, ನೀವು ಕೇಳಿ' ಎಂದರು. ತಂಗಿ ಕೈಹಿಡಿದು ಕೂರಿಸಿದಳು. ಗುಂಡಿ ಕಾಲು ಭಾಗವೂ ತಿರುಗಿರಲಿಲ್ಲ.

'ಸಲಾಂ' ಎಂದರು ಅಬ್ಬಾ.

ಅಮ್ಮಿ ತಲೆ ಎತ್ತಿದರು. ಅಬ್ಬಾ ಆ ವರ್ಷ ಮಾವು ಹೂ ಬಿಟ್ಟದ್ದು, ಮಂಜಿಗೆ ಹೂ ಉದುರುವ ಭಯ, ಬಾವಿಯಲ್ಲಿ ನೀರು ಕೆಳಗೆ ಹೋಗಿದ್ದು, ಹಣ ಕಳಿಸಲು ಅವಸರ ಮಾಡಬೇಡ ಎಂದು ಒಂದೊಂದಾಗಿ ಹೇಳುತ್ತ ಹೋದರು. ಮಧ್ಯೆ ದೂರದಲ್ಲಿ ಪಾತ್ರೆ ಬಿದ್ದ ಸದ್ದು. 'ಅದು ನಾನೇ' ಎಂದರು ಅಮ್ಮಿ. ಆ ಸದ್ದನ್ನು ನಾವು ಯಾರೂ ಈ ಮೊದಲು ಕೇಳಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, 'ಒಂದು ವರ್ಷ ಸುಮ್ಮನೆ ಕಳೆದೆ' ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ನಮ್ಮ ದೇಶದ ಶಬ್ದಮಾಲಿನ್ಯ ನಿಯಮಗಳು 2000ದಲ್ಲಿ ಬಂದವು. ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಮಸೀದಿ, ದೇವಸ್ಥಾನ, ಮದುವೆ, ಚುನಾವಣೆ, ಯಾರದೇ ಆಗಲಿ, ಜೋರು ಮಾಡಿದರೆ ಮಾತು ತಲುಪುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಮನೆಯೊಳಗೂ ಹಾಗೆಯೇ ನಂಬಿ ನಾವು ಏನು ಸುಟ್ಟೆವು ಎಂಬುದನ್ನು ಓದುಗರ ಮುಂದೆ ಇಟ್ಟಿದ್ದೇವೆ.

ಈಗಲೂ ಶುಕ್ರವಾರ ಆ ಕ್ಯಾಸೆಟ್ ಹಾಕುತ್ತೇವೆ. ಕ್ಯಾಸೆಟ್ಟಿನ ಪ್ರತಿಯನ್ನು ಕಂಪ್ಯೂಟರಿನಲ್ಲೂ ಇಟ್ಟಿದ್ದೇವೆ. ನಮ್ಮಲ್ಲಿ ಯಾರಾದರೂ ಗುಂಡಿಗೆ ಕೈ ಹಾಕಿದರೆ ಅಮ್ಮಿ ತಡೆಯುತ್ತಾರೆ. 'ಸಾಕು, ಅಷ್ಟೇ ಇರಲಿ. ಪಕ್ಕದ ಮನೆಯಲ್ಲಿ ಮಗು ಮಲಗಿದೆ.'