ಹಿನ್ನೀರಿನ ದಾರಿಯಲ್ಲಿ ಮುಳುಗಡೆಯ ಗೆಳೆಯನೊಂದಿಗೆ

ಸಾಗರದಿಂದ ಸಿಗಂದೂರಿನ ಮೇಲೆ ಹಾದು ಕೊಲ್ಲೂರಿಗೆ ಇಳಿಯುವ ದಾರಿಗೆ ಕಾರ್ತಿಕ ಮಾಸವೇ ಸರಿ. ಮಳೆ ಹಿಂದೆ ಸರಿದು ರಸ್ತೆ ಒಣಗಿರುತ್ತದೆ, ಗದ್ದೆಗಳಲ್ಲಿ ಭತ್ತ ಹಳದಿಗೆ ತಿರುಗುತ್ತಿರುತ್ತದೆ, ಶರಾವತಿಯ ಹಿನ್ನೀರು ಕಾಡಿನ ಬುಡದವರೆಗೂ ಬಂದು ನಿಂತಿರುತ್ತದೆ. ಜೊತೆಗೆ ಮುಳುಗಡೆಯ ಮನೆತನದ ಗೆಳೆಯನೊಬ್ಬನಿದ್ದರಂತೂ ದಾರಿ ಇನ್ನಷ್ಟು ತೆರೆದುಕೊಳ್ಳುತ್ತದೆ. ನನ್ನ ಬೈಕಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದವನು ಅಂಥವನೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಅವನ ಅಜ್ಜನ ಮನೆ, ತೋಟ, ಗದ್ದೆ ಎಲ್ಲವೂ ನೀರಿನಡಿ ಹೋದವು.

ಸಾಗರ ಬಿಟ್ಟು ಆವಿನಹಳ್ಳಿ ದಾಟುತ್ತಿದ್ದಂತೆ ಪೇಟೆಯ ಗದ್ದಲ ಕರಗುತ್ತದೆ. ಕಣಿವೆಯಲ್ಲಿ ಅಡಿಕೆ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ, ಮನೆಯಂಗಳದಲ್ಲಿ ಅಡಿಕೆಯ ಚಪ್ಪರ. ತಿರುವುಗಳಲ್ಲಿ ಮರಗಳ ಸಂದಿಯಿಂದ ಇದ್ದಕ್ಕಿದ್ದಂತೆ ನೀರು ಇಣುಕುತ್ತದೆ. ಹೊಸಬರು 'ಎಂಥ ಕೆರೆ!' ಎಂದು ಉದ್ಗರಿಸುತ್ತಾರೆ. ಗೆಳೆಯ ಮಾತ್ರ 'ಕೆರೆಯಲ್ಲ ಮಾರಾಯ, ಊರು' ಎಂದ.

ಈ ಹೊಳೆಗೆ ಮುಳುಗಡೆ ಒಂದಲ್ಲ, ಎರಡು. ಜೋಗದ ವಿದ್ಯುದಾಗಾರಕ್ಕಾಗಿ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಬಂದದ್ದು 1940ರ ದಶಕದಲ್ಲಿ. ಮುಂದೆ ಲಿಂಗನಮಕ್ಕಿಯ ನೀರು ಆ ಅಣೆಕಟ್ಟನ್ನೂ ನುಂಗಿತು. ಬೇಸಿಗೆಯಲ್ಲಿ ಜಲಾಶಯ ತೀರ ಬತ್ತಿದಾಗ ಹಳೆಯ ಕಟ್ಟೆ ಮತ್ತೆ ತಲೆ ಎತ್ತುತ್ತದೆ. ಸಾಗರದಲ್ಲೇ ಬಾಳಿ 2025ರ ಜನವರಿಯಲ್ಲಿ ತೀರಿಕೊಂಡ ನಾ. ಡಿಸೋಜ ಅವರು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಬರೆದದ್ದು ಈ ನೀರಿನ ಸಂಕಟವನ್ನೇ.

ಅಂಬಾರಗೋಡ್ಲು ತಲುಪಿದರೆ ಎದುರಿಗೆ ಹೊಸ ಸೇತುವೆ. ಎರಡು ಕಿಲೋಮೀಟರಿಗೂ ಉದ್ದದ, ನಡುವೆ ಉಕ್ಕಿನ ಹಗ್ಗಗಳು ಹಿಡಿದಿರುವ ಈ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅದಕ್ಕೂ ಮೊದಲು ಬಸ್ಸು, ಜೀಪು, ಹಾಲಿನ ಕ್ಯಾನು, ಮದುವೆಯ ದಿಬ್ಬಣ ಎಲ್ಲವೂ ಲಾಂಚ್ ಏರಿಯೇ ಆಚೆ ದಡ ಸೇರಬೇಕಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಹೊಸನಗರದ ಕಡೆಯಿಂದ ದೂರದ ಸುತ್ತು.

'ಲಾಂಚಿನ ಮಜವೇ ಬೇರೆ ಇತ್ತು' ಎಂದು ನಾನೆಂದಾಗ ಗೆಳೆಯ ನಕ್ಕ. 'ನಡುರಾತ್ರಿ ಹೆರಿಗೆ ನೋವು ತಿನ್ನುವ ಹೆಂಗಸನ್ನು ಕರೆದುಕೊಂಡು ದಡದಲ್ಲಿ ನಿಂತವರನ್ನು ಕೇಳು, ಮಜ ಎಷ್ಟಿತ್ತು ಅಂತ!' ಪ್ರವಾಸಿಗೆ ಚೆಂದವಾಗಿದ್ದ ಕಾಯುವಿಕೆ ಕರೂರು, ಬಾರಂಗಿ ಹೋಬಳಿಗಳ ಜನರಿಗೆ ಅರವತ್ತು ವರ್ಷಗಳ ಶಿಕ್ಷೆಯಾಗಿತ್ತು. ನಾಡಿಗೆ ಬೆಳಕು ಕೊಡಲು ನೆಲ ಬಿಟ್ಟವರ ಊರುಗಳಲ್ಲಿ ಎಷ್ಟೋ ಕಾಲ ಸೀಮೆಎಣ್ಣೆ ಬುಡ್ಡಿಯೇ ಉರಿಯುತ್ತಿತ್ತು ಎಂದೂ ಅವನು ನೆನೆದ. ಬೇರೆಡೆಗೆ ಹೋಗಿ ಕಾಡಂಚಿನಲ್ಲಿ ನೆಲೆ ಕಂಡ ಅನೇಕ ಕುಟುಂಬಗಳ ಹಕ್ಕುಪತ್ರದ ಗೋಳು ಇಂದಿಗೂ ತೀರಿಲ್ಲ.

ಆದರೂ ಲಾಂಚಿನ ಜೊತೆ ಒಂದು ಸಂಗತಿ ಹೋಯಿತೆಂದು ಅವನೂ ಒಪ್ಪುತ್ತಾನೆ. ಲಾಂಚ್ ನಿಧಾನವಾಗಿ ಸಾಗುವಾಗ ಅವನ ಅಪ್ಪ ಬೆರಳು ಚಾಚಿ ತೋರಿಸುತ್ತಿದ್ದರಂತೆ: ಅಗೋ ಅಲ್ಲಿ ಭೂತಪ್ಪನ ಕಟ್ಟೆ, ಇಲ್ಲಿ ನಮ್ಮ ಕಣ, ಆ ನಡುಗಡ್ಡೆ ನಾವು ದನ ಮೇಯಿಸುತ್ತಿದ್ದ ಗುಡ್ಡದ ನೆತ್ತಿ. ಸೇತುವೆಯ ಮೇಲೆ ಈ ನೀರು ಮೂರು ನಿಮಿಷದಲ್ಲಿ ಮುಗಿದುಹೋಗುತ್ತದೆ. ಬೆರಳು ಚಾಚುವಷ್ಟರಲ್ಲಿ ಆಚೆ ದಡ!

ಆಚೆಯದು ಕಳಸವಳ್ಳಿ. ಅಲ್ಲಿಂದ ತುಮರಿ, ಸಿಗಂದೂರು ಹತ್ತಿರವೇ. ಸಿಗಂದೂರಿನ ಚೌಡಮ್ಮನ ಮೂಲ ನೆಲೆಯೂ ಮುಳುಗಿತೆಂದು ಭಕ್ತರ ನಂಬಿಕೆ. ದೇವಿಯೂ ಮುಳುಗಡೆಯವಳೇ ಎಂಬ ಸಲಿಗೆಯಿಂದಲೇ ಗೆಳೆಯ ಕೈಮುಗಿದ. ಮುಂದೆ ದಟ್ಟ ಕಾಡು. ನಾಗೋಡಿಯ ಬಳಿ ಘಟ್ಟ ಇಳಿಯುತ್ತಿದ್ದಂತೆ ಗಾಳಿ ಬೆಚ್ಚಗಾಗಿ ಕೊಲ್ಲೂರು ಬಂದೇಬಿಡುತ್ತದೆ.

ಹೋಗುವವರಿಗೆ ಎರಡು ಮಾತು. ಸಾಗರಕ್ಕೆ ಶಿವಮೊಗ್ಗದಿಂದ ರೈಲು, ಬಸ್ಸು ಎರಡೂ ಇವೆ. ಅಲ್ಲಿಂದ ಸೇತುವೆಗೆ ಸುಮಾರು 30 ಕಿ.ಮೀ. ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಫೋಟೋ ತೆಗೆಯುವ ಹುಚ್ಚು ಬೇಡ. ದಡದಲ್ಲಿ ಇಳಿದು ಅರ್ಧ ಗಂಟೆ ಕುಳಿತುಕೊಳ್ಳಿ. ಪಕ್ಕದಲ್ಲಿ ವಯಸ್ಸಾದವರು ಯಾರಾದರೂ ಇದ್ದರೆ, ಇಲ್ಲಿ ಮೊದಲು ಏನಿತ್ತು ಎಂದು ಕೇಳಿ. ಹೇಳುವವರು ಇನ್ನೂ ಇದ್ದಾರೆ.