ಅನುಮಾನ ಪ್ರಮಾಣವೂ ನೆಲದೊಳಗಿನ ನಿಧಿಯೂ

ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಲಿಥಿಯಂ ಇದೆಯೆಂಬ ವಾರ್ತೆ 2020ರಲ್ಲಿ ಹಬ್ಬಿದಂದಿನಿಂದ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ನಮ್ಮ ಬಂಧುಗಳ ಮನೆಗಳಲ್ಲಿ ಮದುವೆಯ ಮಾತುಕತೆಯ ನಡುವೆಯೂ ಅದರ ಪ್ರಸ್ತಾಪ ಬರುತ್ತದೆ. ಷೇರುಪೇಟೆಯ ವ್ಯವಹಾರ ನನ್ನದಲ್ಲ. ಆದರೆ ಮಠದಲ್ಲಿ ಕಲಿತ ತರ್ಕಶಾಸ್ತ್ರಕ್ಕೆ ಇಲ್ಲಿ ಕೆಲಸವುಂಟು.

ಆಗ ಪ್ರಕಟವಾದ ಅಂದಾಜು 14,100 ಟನ್. 2021ರಲ್ಲಿ ಕೇಂದ್ರ ಸರಕಾರವು ಸಂಸತ್ತಿಗೆ ತಿಳಿಸಿದುದು 1,600 ಟನ್. ಅದೂ ‘ಇನ್ಫರ್ಡ್’ ವರ್ಗದ್ದು, ಎಂದರೆ ಅನುಮಿತ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸುವಂತೆ, ದೂರ ದೂರದಲ್ಲಿ ಕೊರೆದ ಕೆಲವೇ ರಂಧ್ರಗಳ ಕಲ್ಲನ್ನು ಪರೀಕ್ಷಿಸಿ ನಡುವಿನ ನೆಲದಲ್ಲಿಯೂ ಅದೇ ಇರಬೇಕೆಂದು ಎಣಿಸುವುದಿದು. ರಂಧ್ರಗಳು ಹತ್ತಿರವಾದಂತೆ ಅನುಮಾನವು ಪ್ರತ್ಯಕ್ಷದತ್ತ ಸರಿಯುತ್ತದೆ. ವಜ್ರದ ಶೋಧನೆಯಂತೂ ಇನ್ನೂ ಕಠಿಣ. ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲಿರುವಂತಹ ಕಿಂಬರ್ಲೈಟ್ ಶಿಲೆಯಲ್ಲಿ ಟನ್ನಿಗೆ ಒಂದು ಕ್ಯಾರೆಟ್, ಎಂದರೆ 0.2 ಗ್ರಾಂ, ವಜ್ರವೂ ದೊರೆಯದಿರುವುದುಂಟು. ಹೀಗಾಗಿ ಶೋಧಕರು ಮೊದಲು ಗಾರ್ನೆಟ್ಟಿನಂತಹ ಸಂಗಾತಿ ಖನಿಜಗಳನ್ನು ಹುಡುಕುತ್ತಾರೆ. ಅವೇ ಅಲ್ಲಿಯ ಹೊಗೆ.

ಹೊಗೆಯನ್ನೇ ಯಾರಾದರೂ ತಂದು ಊದಿದರೆ? ನಮ್ಮವರು ಇದನ್ನು ಹೇತ್ವಾಭಾಸವೆಂದರು. ಕೆನಡಾದ ಬ್ರಿ-ಎಕ್ಸ್ ಕಂಪನಿಯು ಇಂಡೊನೇಷ್ಯಾದ ಬುಸಾಂಗಿನಲ್ಲಿ ಅಪಾರ ಚಿನ್ನವಿದೆಯೆಂದಿತು. ಕೊರೆದು ತೆಗೆದ ಕಲ್ಲನ್ನು ಸೀಳಿ ಅರ್ಧವನ್ನು ಸಾಕ್ಷಿಯಾಗಿ ಇರಿಸುವುದು ಪದ್ಧತಿ. ಅಲ್ಲಿ ಇಡೀ ಕಲ್ಲನ್ನೇ ಪುಡಿಮಾಡಿದ್ದರು. ಆ ಪುಡಿಗೆ ಹೊರಗಿನ ಚಿನ್ನವನ್ನು ಬೆರೆಸಲಾಗಿತ್ತೆಂದು 1997ರ ಮೇ ತಿಂಗಳಲ್ಲಿ ಸ್ವತಂತ್ರ ಪರೀಕ್ಷೆಯಿಂದ ಸಿದ್ಧವಾಯಿತು. ಸುಮಾರು 600 ಕೋಟಿ ಕೆನಡಾ ಡಾಲರ್ ಮೌಲ್ಯಕ್ಕೆ ಏರಿದ್ದ ಷೇರುಗಳು ಬರಿಯ ಕಾಗದವಾದವು. ಎಷ್ಟು ಮನೆಗಳ ವೃದ್ಧಾಪ್ಯದ ಉಳಿತಾಯ ಅದರಲ್ಲಿ ಹೋಯಿತೋ!

ಇತ್ತೀಚೆಗೆ ನಮ್ಮ ಬಂಧುವರ್ಗದ ತರುಣನೊಬ್ಬನು ತಾಯಿಯ ಒಡವೆಗಳನ್ನು ಅಡವಿಟ್ಟು ಗಣಿ ಕಂಪನಿಯೊಂದರ ಷೇರು ಕೊಳ್ಳಲೇ ಎಂದು ಕೇಳಿದನು. “ಮರಳಗಾಲದಲ್ಲಿ ಶೋಧಿಸಿದವರು ಯಾರು?” ಎಂದೆ. ಸುಮ್ಮನಾದನು. ಶೋಧಿಸಿದುದು ಕೇಂದ್ರದ ಪರಮಾಣು ಇಂಧನ ಇಲಾಖೆಗೆ ಸೇರಿದ ಪರಮಾಣು ಖನಿಜ ನಿರ್ದೇಶನಾಲಯ. ಅದಕ್ಕೆ ಷೇರುಗಳೇ ಇಲ್ಲ. 2023ರ ಕಾನೂನು ತಿದ್ದುಪಡಿಯಿಂದ ಲಿಥಿಯಂ ಗಣಿ ಖಾಸಗಿಯವರಿಗೂ ತೆರೆದುದು ನಿಜ. ಆದರೆ ಅದೇ ವರ್ಷ 59 ಲಕ್ಷ ಟನ್ ಎಂದು ಘೋಷಿತವಾದ ಜಮ್ಮು ಪ್ರಾಂತದ ರಿಯಾಸಿಯ ನಿಕ್ಷೇಪವೂ ಅನುಮಿತವೇ. ಸಾಕಷ್ಟು ಬಿಡ್ಡುದಾರರು ಬಾರದೆ ಅದರ ಹರಾಜು 2024ರಲ್ಲಿ ರದ್ದಾಯಿತು.

ತಾನು ಹೇಳಿದ ಕಂಪನಿಯು ಎಲ್ಲಿ ಎಷ್ಟು ರಂಧ್ರಗಳನ್ನು ಕೊರೆದಿದೆ, ಕಲ್ಲಿನ ಉಳಿದರ್ಧ ಯಾರ ವಶದಲ್ಲಿದೆ ಎಂದು ವಿಚಾರಿಸಿಕೊಂಡು ಬರುವೆನೆಂದು ಹೋಗಿದ್ದಾನೆ.