ಕ್ಯೂಸೆಕ್ ಅಂದ್ರ ಎಷ್ಟ್ ನೀರು?

ನಮ್ಮೂರು ಬೆಲ್ಲದ ಬಾಗೇವಾಡಿ. (ಬಸವನ ಬಾಗೇವಾಡಿ ಅಲ್ಲ! ಹಾಸ್ಟೆಲ್‌ನಲ್ಲಿ ಹೇಳಿ ಹೇಳಿ ಸಾಕಾಗಿದೆ.) 2019ರ ಆಗಸ್ಟ್‌ನಲ್ಲಿ ನಾನು ಎಂಟನೇ ಕ್ಲಾಸು. ಮಳೆಗೆ ಸ್ಕೂಲ್ ರಜಾ. ಹಿಡಕಲ್ ಡ್ಯಾಮಿನಿಂದ ಇಷ್ಟು ಸಾವಿರ ಕ್ಯೂಸೆಕ್ ನೀರು ಬಿಟ್ಟಿದ್ದಾರೆ ಅಂತ ಟಿವಿಯಲ್ಲಿ ಬರ್ತಾನೇ ಇತ್ತು. ಗೋಕಾಕದಿಂದ ಅತ್ತಿ ಫೋನ್ ಮಾಡಿದ್ರು.

"ನೀ ಇಂಗ್ಲಿಷ್ ಮೀಡಿಯಂ ಅಲ್ಲೇನಪಾ, ಕ್ಯೂಸೆಕ್ ಅಂದ್ರ ಎಷ್ಟ್ ನೀರು?"

ಗೂಗಲ್ ನೋಡಿ, ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲೀಟರ್ ಅಂದೆ.

"ಅದಿರ್ಲಿ. ನಮ್ಮ ಮನೀತನಕ ಬರ್ತೈತೇನು?"

ಬರಲ್ಲ ಅಂದೆ. ಮನೆ ಹೊಳೆಯಿಂದ ಎರಡು ಓಣಿ ಆಚೆ ಇತ್ತು, ಅಷ್ಟೇ ನನ್ನ ಲೆಕ್ಕ. ಮರುದಿನ ನೀರು ಬಂತು. ಮಾವ ಎಮ್ಮೆ ಬಿಚ್ಚಿಕೊಂಡು ಹೋದ್ರು. ಜೋಳದ ಚೀಲಗಳು, ಅತ್ತಿಯ ಹೊಲಿಗೆ ಮಷಿನ್ ಎಲ್ಲಾ ಒಳಗೇ ಉಳಿದವು. ಅತ್ತಿ ಇವತ್ತಿನವರೆಗೂ ನನಗೆ ಒಂದು ಮಾತೂ ಅಂದಿಲ್ಲ. ಅದೇ ಕಷ್ಟ.

ಈ ವರ್ಷ ಮಿನಿ ಪ್ರಾಜೆಕ್ಟ್ ಬಂದಾಗ ಇಸಿಯವನಾದ ನಾನು ಯೋಚನೆ ಮಾಡಿದ್ದು ಸುಲಭದ ದಾರಿ. ಸೇತುವೆಗೆ ಅಲ್ಟ್ರಾಸಾನಿಕ್ ಸೆನ್ಸರ್, ನೀರು ಏರಿದ್ರೆ ಮೆಸೇಜ್. ಸಿವಿಲ್‌ನ ರೂಮ್‌ಮೇಟ್ ನಕ್ಕ. ಗೋಕಾಕದ ಲೋಳಸೂರ ಸೇತುವೆ ಮುಳುಗೋದು ಬರೀ ಹಿಡಕಲ್ ನೀರಿಂದ ಅಲ್ಲ. ಡ್ಯಾಮಿನ ಕೆಳಗೆ ಘಟಪ್ರಭೆಗೆ ಹಿರಣ್ಯಕೇಶಿ ಸೇರುತ್ತೆ, ಆಮೇಲೆ ಮಾರ್ಕಂಡೇಯ. ಮೂರೂ ಒಂದೇ ಹೊತ್ತಿಗೆ ಏರಿದ್ರೆ ಒಂದು ಕತೆ, ಹಿಂದೆ ಮುಂದೆ ಆದ್ರೆ ಇನ್ನೊಂದು. ಹಿರಣ್ಯಕೇಶಿ ಹುಟ್ಟೋದು ಮಹಾರಾಷ್ಟ್ರದ ಆಂಬೋಲಿಯಲ್ಲಿ, ಹಾಗಾಗಿ ಅಲ್ಲಿನ ಮಳೆ ಲೆಕ್ಕವೂ ಬೇಕು. ನನ್ನ ಸೆನ್ಸರ್ ಕೂಗೋ ಹೊತ್ತಿಗೆ ನೀರು ಬಂದೇ ಬಿಟ್ಟಿರುತ್ತೆ.

ದೀಪಾವಳಿಗೆ ಅತ್ತಿ ಮನೆಗೆ ಟೇಪ್ ಹಿಡಿದು ಹೋದೆ. ಪಡಸಾಲೆ ಗೋಡೆಯಲ್ಲಿ ನೀರು ನಿಂತ ಗೆರೆ ಇನ್ನೂ ಇದೆ, ನನ್ನ ಎದೆ ಮಟ್ಟ. ಹೊಳೆ ಇರೋ ಮುಂದಿನ ಬಾಗಿಲಿಂದ ಅಳತೆ ಶುರು ಮಾಡಿದೆ.

"ಅಲ್ಲಿಂದ ಬರ್ಲಿಲ್ಲೋ," ಅಂದ್ರು ಅತ್ತಿ. "ಹಿತ್ತಲ ಗಟಾರದಾಗಿಂದ ಉಲ್ಟಾ ಬಂತು. ನಾವು ಮುಂದಿನ ಬಾಗಲಾ ಕಾಯ್ಕೋತ ಕುಂತಿದ್ವಿ."

ರೂಮ್‌ಮೇಟ್‌ಗೆ ಫೋನ್ ಮಾಡಿದೆ. ಹೊಳೆ ಮಟ್ಟ ಗಟಾರದ ಬಾಯಿಗಿಂತ ಮೇಲೆ ಹೋದ್ರೆ ಊರಿನ ನೀರು ಹೊರಗೆ ಹೋಗಲ್ಲ, ಹೊಳೆಯೇ ಗಟಾರದಲ್ಲಿ ಒಳಗೆ ಬರುತ್ತೆ ಅಂದ. ಪುಸ್ತಕದಲ್ಲಿ ಇದೆಯಂತೆ. ನಮ್ಮ ಮ್ಯಾಪಿನಲ್ಲಿ ಆ ಗಟಾರವೇ ಇರಲಿಲ್ಲ.

ಮೆಸೇಜಿನಲ್ಲಿ ಏನು ಬರೀಬೇಕು ಅಂತಾನೂ ಅತ್ತಿಯನ್ನೇ ಕೇಳಿದೆ. ಮೀಟರ್, ಕ್ಯೂಸೆಕ್ ಏನೂ ಬೇಡ ಅಂದ್ರು. "ಗಟಾರ ಉಲ್ಟಾ ಹರ್ಯಾಕತ್ತೈತಿ, ಸಾಮಾನ ಮ್ಯಾಲ ಇಡ್ರಿ, ಅಂತ ಬರಿ."

ಸದ್ಯ ಎರಡನೇ ಸೆನ್ಸರ್ ಗಟಾರಕ್ಕೆ ಅಂತ ಆಗಿದೆ. ಲೆವೆಲಿಂಗ್ ಚೆನ್ನಾಗಿ ಬರೋರು, ಮರಾಠಿ ಓದೋರು ಯಾರಾದ್ರೂ ಇದ್ರೆ ಕ್ಲಬ್ ರೂಮಿನ ಹತ್ರ ಸಿಗಿ.